ಮಿದುಳನ್ನು ಹೊಗುವ ಬೂಷ್ಟು

ಉಪ್ಪಿನಕಾಯಿಯ ಭರಣಿಯಲ್ಲಿ ಬೂಷ್ಟು ಕಂಡರೆ ನಾವು ಅದನ್ನು ತೆಗೆದೊಗೆದು ಸುಮ್ಮನಾಗುತ್ತೇವೆ. ಅದೇ ಶಿಲೀಂಧ್ರವರ್ಗಕ್ಕೆ ಸೇರಿದ ಜೀವಿಯೊಂದು ಮಗುವಿನ ಮಿದುಳನ್ನು ಸೇರಿದರೆ ಗತಿಯೇನು?

ಕ್ರಿಪ್ಟೊಕಾಕಸ್ ಅಂಥದೊಂದು ಏಕಕೋಶ ಶಿಲೀಂಧ್ರ. ಪಾರಿವಾಳದ ಹಿಕ್ಕೆ ಬೆರೆತ ಮಣ್ಣು ಅದಕ್ಕೆ ಪ್ರಿಯವಾದ ನೆಲೆ. ಕೃಷ್ಣಾತೀರದ ಗಲಗಲಿಯಾಗಲಿ, ಬೆಂಗಳೂರಾಗಲಿ, ಪಾರಿವಾಳ ಗೂಡುಕಟ್ಟಿದೆಡೆಯಲ್ಲಿ ಅದು ಧೂಳಿನೊಡನೆ ನಮ್ಮ ಶ್ವಾಸಕೋಶವನ್ನು ಹೊಗಬಹುದು. ಆರೋಗ್ಯವಂತ ಮಗುವಿನ ರಕ್ತದ ಬಿಳಿಯ ಕಣಗಳು ಸಾಮಾನ್ಯವಾಗಿ ಅದನ್ನು ಅಲ್ಲಿಯೇ ಅಡಗಿಸುತ್ತವೆ. ಎಚ್.ಐ.ವಿ. ಸೋಂಕಿನಿಂದಲೋ, ರಕ್ತದ ಕ್ಯಾನ್ಸರಿನಿಂದಲೋ ಈ ಕಾವಲು ಸಡಿಲಿದಾಗ ಅದು ರಕ್ತದೊಡನೆ ಸಾಗಿ ಮಿದುಳಿನ ಪೊರೆಗಳನ್ನು ಮುಟ್ಟುತ್ತದೆ. ಮಕ್ಕಳಲ್ಲಿ ಈ ರೋಗ ವಿರಳ. ಆದರೆ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಂತಿಕ.

ವಾರಗಟ್ಟಲೆ ಬಿಡದ ತಲೆನೋವು, ಜ್ವರ, ವಾಂತಿ ಇದರ ಲಕ್ಷಣಗಳು. ವೈದ್ಯರು ಬೆನ್ನಿನಿಂದ ಸೂಜಿಯ ಮೂಲಕ ಮಿದುಳುಬಳ್ಳಿಯ ದ್ರವವನ್ನು ತೆಗೆದು, ಅದರ ಒಂದು ಹನಿಗೆ ಕಪ್ಪು ಮಸಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಸಿ ಒಳಹೊಗಲಾರದ ಕವಚವು ಶಿಲೀಂಧ್ರದ ಸುತ್ತ ಚಂದ್ರನ ಪರಿವೇಷದಂತೆ ಬೆಳ್ಳಗೆ ಕಾಣುತ್ತದೆ.

ಶತ್ರುವನ್ನು ಗುರುತಿಸಿದ ಮೇಲೆ ಕೊಲ್ಲುವುದೇನು ಕಷ್ಟ? ಶಿಲೀಂಧ್ರದ ಕೋಶವು ಬ್ಯಾಕ್ಟೀರಿಯಕ್ಕಿಂತ ನಮ್ಮ ಕೋಶವನ್ನೇ ಹೆಚ್ಚು ಹೋಲುತ್ತದೆ. ಅದಕ್ಕೆ ವಿಷವಾದದ್ದು ನಮಗೂ ವಿಷವಾಗಬಲ್ಲದು. ಭೇದವೊಂದುಂಟು: ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟೆರಾಲ್ ಇದ್ದರೆ, ಅದರಲ್ಲಿ ಎರ್ಗೊಸ್ಟೆರಾಲ್ ಇದೆ. 1950ರ ದಶಕದಲ್ಲಿ, ವೆನೆಜುವೆಲಾ ದೇಶದ ಓರಿನೊಕೊ ನದಿಯ ಸೀಮೆಯ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ ದೊರೆತ ಆಂಫೊಟೆರಿಸಿನ್-ಬಿ ಈ ಎರ್ಗೊಸ್ಟೆರಾಲನ್ನೇ ಹಿಡಿದು ಕೋಶವನ್ನು ಕೆಡಿಸುತ್ತದೆ. ರೋಗ ತಂದದ್ದೂ ಮಣ್ಣು, ಮದ್ದು ಕೊಟ್ಟದ್ದೂ ಮಣ್ಣು! ಆದರೆ ಈ ಮದ್ದಿನಿಂದ ಮೂತ್ರಪಿಂಡಗಳಿಗೆ ಅಪಾಯವುಂಟು. ಅದನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಗಳಲ್ಲಿ ಅಡಗಿಸಿ ಕೊಟ್ಟರೆ ಈ ಹಾನಿ ಕಡಿಮೆಯಾಗುತ್ತದೆ. ಎಚ್.ಐ.ವಿ. ಇರುವ ರೋಗಿಗಳಿಗೆ ಅದರ ಒಂದೇ ದೊಡ್ಡ ಪ್ರಮಾಣವನ್ನು ಕೊಟ್ಟು, ಜೊತೆಗೆ ಫ್ಲೂಸೈಟೊಸಿನ್, ಫ್ಲುಕೊನಜೋಲ್ ಎಂಬ ಮದ್ದುಗಳನ್ನು 14 ದಿನ ನುಂಗಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಶಿಫಾರಸು ಮಾಡಿತು. ತರುವಾಯವೂ ಫ್ಲುಕೊನಜೋಲ್ ತಿಂಗಳುಗಟ್ಟಲೆ ನಡೆಯಬೇಕು.

ಇಲ್ಲಿ ಒಂದು ಸೋಜಿಗವುಂಟು. ಎಚ್.ಐ.ವಿ.ಯ ಚಿಕಿತ್ಸೆಯನ್ನು ಅದುವರೆಗೆ ಪಡೆಯದ ರೋಗಿಗೆ ವೈದ್ಯರು ಅದನ್ನು ಒಡನೆಯೇ ಆರಂಭಿಸದೆ 4ರಿಂದ 6 ವಾರ ತಡೆಯುತ್ತಾರೆ. ಏಕೆಂದರೆ, ಹಠಾತ್ತನೆ ಎಚ್ಚೆತ್ತ ಕಾವಲು ಪಡೆಯು ಶಿಲೀಂಧ್ರದ ಮೇಲೆ ಎರಗುವ ಭರದಲ್ಲಿ ಮಿದುಳನ್ನೇ ಉರಿಯೂತಕ್ಕೆ ಈಡುಮಾಡಬಲ್ಲದು.

ಗಲಗಲಿಯನ್ನು ಒಳಗೊಂಡ ಬಾಗಲಕೋಟೆ ಜಿಲ್ಲೆಯು ಕರ್ನಾಟಕದಲ್ಲಿ ಎಚ್.ಐ.ವಿ. ಹೆಚ್ಚಾಗಿ ಕಂಡುಬಂದ ಜಿಲ್ಲೆಗಳಲ್ಲೊಂದು. 2004ರಿಂದ ಭಾರತ ಸರಕಾರವು ಇದರ ಔಷಧವನ್ನು ಉಚಿತವಾಗಿ ಒದಗಿಸುತ್ತಿದೆ. ಗರ್ಭಿಣಿಯು ಕಾಲಕ್ಕೆ ಸರಿಯಾಗಿ ರಕ್ತಪರೀಕ್ಷೆ ಮಾಡಿಸಿಕೊಂಡು ಔಷಧ ಸೇವಿಸಿದರೆ, ಸೋಂಕು ಮಗುವಿಗೆ ದಾಟುವ ಸಂಭವ ಬಹುಮಟ್ಟಿಗೆ ಅಳಿಯುತ್ತದೆ. ಪಾರಿವಾಳಗಳನ್ನೆಲ್ಲ ಅಟ್ಟುವುದು ನಮ್ಮಿಂದಾಗದು. ಮಗುವಿನ ಕಾವಲು ಕೆಡದಂತೆ ನೋಡಿಕೊಳ್ಳುವುದು ಆದೀತು.