ಒಂದೇ ಪೆಟ್ಟಿಗೆ, ಮೂರು ವೋಲ್ಟೇಜು

ಡಿಸೆಂಬರ್ ಬಂತೆಂದರೆ ಮೂಡಿಗೆರೆ, ಕಳಸದ ಕಡೆಯ ಮನೆಗಳ ಮುಂದಿನ ಕಣಗಳಲ್ಲಿ ಕಾಫಿ ಹಣ್ಣು ಹರವಿರುತ್ತದೆ. ಹಗಲೆಲ್ಲ ಬಿಸಿಲಿಗೆ ಒಣಗಿದ್ದನ್ನು ಸಂಜೆ ರಾಶಿ ಮಾಡಿ, ಇಬ್ಬನಿ ಬೀಳದಂತೆ ಟಾರ್ಪಾಲು ಹೊದಿಸುವುದು ರೂಢಿ. ಒಳಗೆ ಹಸಿ ಉಳಿದಿದ್ದರೆ ರಾಶಿ ರಾತ್ರಿಯಿಡೀ ಒಳಗಿಂದೊಳಗೇ ಕಾಯುತ್ತದೆ. ಮುಗ್ಗಲು ಹಿಡಿದರೆ ರುಚಿಯೂ ಹೋಯಿತು, ಬೆಲೆಯೂ ಹೋಯಿತು. ಅನುಭವಸ್ಥರು ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಶಾಖ ನೋಡುತ್ತಾರೆ.

ಈ ಕೈಯ ಕೆಲಸವನ್ನು ಯಂತ್ರಕ್ಕೆ ಕಲಿಸಬಾರದೇಕೆ? ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ. ರಾಶಿಯೊಳಗೆ ಒಂದು ಥರ್ಮಿಸ್ಟರ್, ಹೊರಗಿನ ಗಾಳಿಯಲ್ಲಿ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವನ್ನು ಒಂದು ಅಂಕಿಫಲಕ ತೋರಿಸಬೇಕು; ಮಿತಿ ಮೀರಿದರೆ ಬಜರ್ ಕೂಗಬೇಕು. ಕಾಗದದ ಮೇಲೆ ಎಲ್ಲವೂ ಸಲೀಸು. ಹುಡುಗರು ಎಡವುವುದು ವಿದ್ಯುತ್ ಕೊಡುವ ಜಾಗದಲ್ಲಿ.

ರಾಶಿ ಗಾಳಿಗಿಂತ ಬಿಸಿಯೂ ಇರಬಹುದು, ತಣ್ಣಗೂ ಇರಬಹುದು. ಆದ್ದರಿಂದ ವ್ಯತ್ಯಾಸವನ್ನು ಹಿಗ್ಗಿಸುವ 741 ಎಂಬ ಚಿಪ್ಪು ಸೊನ್ನೆಯ ಮೇಲೂ ಕೆಳಗೂ ಹೋಗಬೇಕು. ಅದಕ್ಕೆ ಪ್ಲಸ್ 12, ಮೈನಸ್ 12 ಎರಡೂ ಬೇಕು. 1968ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿ ಹೊರತಂದ ಈ ಚಿಪ್ಪು ಇವತ್ತಿಗೂ ಕಾಲೇಜು ಪ್ರಯೋಗಾಲಯಗಳಲ್ಲಿ ಇದೆ. ಅಂಕಿ ತೋರಿಸುವ 7400 ವರ್ಗದ ಚಿಪ್ಪುಗಳಿಗೆ ಬೇಕಾದದ್ದು 5 ವೋಲ್ಟು. ಬಜರ್‌ಗೆ 12. ಅಂಗಡಿಯಿಂದ ಮೂರು ಅಡಾಪ್ಟರ್ ತಂದು ಪೋಣಿಸುವವರಿದ್ದಾರೆ. ಕೆಲಸವೇನೋ ನಡೆಯುತ್ತದೆ, ಆದರೆ ಒಂದೇ ಇಬ್ಬಗೆಯ ಸಪ್ಲೈಯಿಂದ ಎಲ್ಲವನ್ನೂ ಪಡೆಯಬಹುದಾಗಿರುವಾಗ ಆ ತಂತಿಯ ಸಿಕ್ಕು ಯಾಕೆ?

ಮೊದಲು ಸೊನ್ನೆ ಎಂದರೇನೆಂದು ತಿಳಿಯಬೇಕು. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ಸುಮಾರು 1,930. ಪೇಟೆಯನ್ನೇ ಸೊನ್ನೆ ಎಂದುಕೊಂಡರೆ ಗಿರಿ ಪ್ಲಸ್ 840, ಮಂಗಳೂರಿನ ಕಡಲತೀರ ಮೈನಸ್ 1,090. ನೆಲ ಬದಲಾಗಲಿಲ್ಲ, ಅಳತೆ ಶುರುವಾದ ಜಾಗ ಬದಲಾಯಿತು, ಅಷ್ಟೆ. 12-0-12 ಟ್ರಾನ್ಸ್‌ಫಾರ್ಮರಿನ ನಡುವಿನ ತಂತಿ ಇಲ್ಲಿ ಚಿಕ್ಕಮಗಳೂರು ಪೇಟೆಯಿದ್ದಂತೆ. 5 ವೋಲ್ಟು ಗಿರಿಯ ದಾರಿಯಲ್ಲಿ ಸಿಗುವ ಕೈಮರದಂತೆ; ಅದನ್ನೂ ಪೇಟೆಯಿಂದಲೇ ಅಳೆಯಬೇಕು. 5 ವೋಲ್ಟಿನ ಭಾಗದ ನೆಲದ ತಂತಿಯನ್ನು ಮರೆತು ಮೈನಸ್ 12ಕ್ಕೆ ಕಟ್ಟಿದರೆ, ಅಲ್ಲಿನ '5' ನಡುವಿನ ತಂತಿಯ ಲೆಕ್ಕದಲ್ಲಿ ಮೈನಸ್ 7 ಆಗಿಬಿಡುತ್ತದೆ. ಆಗ ಎರಡು ಭಾಗಗಳಿಗೂ ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

ಇನ್ನು 12ರಿಂದ 5 ಮಾಡುವುದು. ಎಲ್ಲರಿಗೂ ಮೊದಲು ಹೊಳೆಯುವುದು ಒಂದು ರೆಸಿಸ್ಟರ್ ಹಾಕಿ 7 ವೋಲ್ಟು ಕಳೆಯುವ ಉಪಾಯ. ಒರಟಾಗಿ ಲೆಕ್ಕ ಹಾಕಿ ನೋಡಿ. ಫಲಕದ ಪ್ರತಿ ಗೆರೆಗೆ 10 ಮಿಲಿಆಂಪಿಯರ್, ಚಿಪ್ಪುಗಳಿಗೆ 30. '8' ಮೂಡಿದಾಗ ಏಳು ಗೆರೆ ಬೆಳಗಿ ಒಟ್ಟು 100 ಆಯಿತು. 70 ಓಮ್ ರೆಸಿಸ್ಟರ್ ಸರಿಯಾಗಿ 7 ವೋಲ್ಟು ನುಂಗುತ್ತದೆ. '1' ಮೂಡಿದಾಗ ಎರಡೇ ಗೆರೆ, ಒಟ್ಟು 50. ರೆಸಿಸ್ಟರ್ ನುಂಗುವುದು ಮೂರೂವರೆ ವೋಲ್ಟು ಮಾತ್ರ, ಚಿಪ್ಪಿಗೆ ಎಂಟೂವರೆ! 4.75ರಿಂದ 5.25ರೊಳಗೆ ಇರಬೇಕಾದ, 7ರ ಮೇಲೆ ತಾಳಲಾರದ ಚಿಪ್ಪು ಅದು. ಅಂಕಿ ಬದಲಾದೊಡನೆ ಸುಟ್ಟುಹೋಗುವ ಯಂತ್ರ ಯಾರಿಗೆ ಬೇಕು?

ಹಾಗಾಗಿ ಮೂರು ಕಾಲಿನ 7805 ರೆಗ್ಯುಲೇಟರ್ ಬೇಕು. ಹೊರೆ ಎಷ್ಟೇ ಏರಿಳಿದರೂ ಅದು 5ಕ್ಕೇ ಹಿಡಿದಿಡುತ್ತದೆ. ಪ್ಲಸ್ 12ಕ್ಕೆ 7812, ಮೈನಸ್ 12ಕ್ಕೆ 7912. 7812ರ ಹಿಂದಿನಿಂದ 7805ಕ್ಕೆ ಕೊಟ್ಟರಾಯಿತು. ಹೆಚ್ಚುವರಿ ವೋಲ್ಟು ಶಾಖವಾಗಿ ಹೋಗುತ್ತದೆ: 7 ವೋಲ್ಟು, 100 ಮಿಲಿಆಂಪಿಯರ್ ಎಂದರೆ 0.7 ವಾಟ್, ಚಿಂತೆಯಿಲ್ಲ. ಅದೇ ಅರ್ಧ ಆಂಪಿಯರ್ ಎಳೆದರೆ ಮೂರೂವರೆ ವಾಟ್, ಮುಟ್ಟಿದರೆ ಕೈ ಸುಡುತ್ತದೆ. ಅಲ್ಯೂಮಿನಿಯಂ ಹೀಟ್ ಸಿಂಕ್ ಬೇಕೇ ಬೇಕು.

ಈ ಹೀಟ್ ಸಿಂಕ್‌ನಲ್ಲೇ ದೊಡ್ಡ ಮೋಸ ಇರುವುದು. 7812, 7912 ನೋಡಲು ಅವಳಿಜವಳಿ. ಆದರೆ ಕಾಲುಗಳ ಕ್ರಮ ಬೇರೆ. 7812ರ ನಡುಗಾಲು, ಬೆನ್ನಿನ ಲೋಹ ಎರಡೂ ನೆಲ. 7912ರಲ್ಲಿ ಅವೆರಡೂ ಒಳಬರುವ ಮೈನಸ್ ವೋಲ್ಟೇಜು. ಎರಡನ್ನೂ ಒಂದೇ ತಗಡಿಗೆ ಬಿಗಿದರೆ ನೆಲಕ್ಕೂ ಮೈನಸ್‌ಗೂ ನೇರ ಶಾರ್ಟ್! ನಡುವೆ ಅಭ್ರಕದ ಹಾಳೆಯಿರಬೇಕು, ಇಲ್ಲವೇ ತಗಡೇ ಬೇರೆ ಬೇರೆಯಾಗಿರಬೇಕು. ಮೈನಸ್ ಬದಿಯ ದೊಡ್ಡ ಕೆಪಾಸಿಟರಿನ ಪ್ಲಸ್ ತುದಿ ನೆಲಕ್ಕೆ ಹೋಗಬೇಕೆಂಬುದನ್ನು ಮರೆತು ತಿರುಗಿಸಿ ಹಾಕಿದರೆ ಅದು ಸಿಡಿಯಲೂಬಹುದು. 741 ಕೊಡುವ ಪ್ಲಸ್ 10, ಮೈನಸ್ 10 ವೋಲ್ಟನ್ನು ನೇರವಾಗಿ 5 ವೋಲ್ಟಿನ ಚಿಪ್ಪಿಗೆ ಉಣಿಸುವಂತೆಯೂ ಇಲ್ಲ. ನಡುವೆ ರೆಸಿಸ್ಟರ್, 4.7 ವೋಲ್ಟಿನ ಜೀನರ್ ಡಯೋಡ್ ಬೇಕು.

ಪುಸ್ತಕದ ಸರ್ಕ್ಯೂಟು ಮಲೆನಾಡಿನಲ್ಲಿ ಸೋಲುವುದು ಇನ್ನೊಂದು ಕಡೆ. ಅರೇಬಿಕಾ ಹಣ್ಣನ್ನು ಕಿತ್ತ ದಿನವೇ ಪಲ್ಪರ್‌ಗೆ ಹಾಕಬೇಕಾದ್ದರಿಂದ ಸುಗ್ಗಿಯ ಸಂಜೆ ತೋಟತೋಟಗಳಲ್ಲಿ ಮೋಟರುಗಳು ಒಟ್ಟಿಗೆ ಓಡುತ್ತವೆ. ಉದ್ದನೆಯ ಲೈನಿನ ಕೊನೆಯ ಮನೆಯಲ್ಲಿ 230 ವೋಲ್ಟು 180ಕ್ಕೆ ಕುಸಿಯಿತೆನ್ನಿ. ಆಗ ಟ್ರಾನ್ಸ್‌ಫಾರ್ಮರಿನ 12 ವೋಲ್ಟು 9.4 ಆಗುತ್ತದೆ, ಡಯೋಡು ದಾಟಿ ಕೆಪಾಸಿಟರಿನಲ್ಲಿ ನಿಲ್ಲುವುದು ಹೆಚ್ಚೆಂದರೆ 12.6. ಆದರೆ 7812ಕ್ಕೆ 12 ಕೊಡಲು ಒಳಗೆ 14 ಆದರೂ ಬೇಕು. ಫಲಿತಾಂಶವೇನು? 741 ಜೋಲಿ ಹೊಡೆಯುತ್ತದೆ, ಅದೂ ರಾಶಿ ಕಾಯಬೇಕಾದ ಹೊತ್ತಿಗೇ. ಇಂಥ ಊರಿಗೆ 15-0-15 ಟ್ರಾನ್ಸ್‌ಫಾರ್ಮರೇ ಸರಿ. 180ರಲ್ಲೂ ಸುಮಾರು 16 ಸಿಗುತ್ತದೆ. ಕೆಪಾಸಿಟರ್ 2,200 ಮೈಕ್ರೋಫ್ಯಾರಡ್ ಇರಲಿ. ಪೂರ್ತಿ ವೋಲ್ಟೇಜು ಇರುವ ಹಗಲಿನಲ್ಲಿ 7812 ಹೆಚ್ಚು ಬಿಸಿಯಾಗುವುದು ನಿಜ, ಅದಕ್ಕೆ ತಗಡು ದೊಡ್ಡದಾಗಲಿ.

ತಂದೆತಾಯಂದಿರಿಗೆ ಒಂದು ಮಾತು. ಹಳೆಯ ಕಂಪ್ಯೂಟರಿನ ಸಪ್ಲೈ ಪೆಟ್ಟಿಗೆಯಲ್ಲೂ ಪ್ಲಸ್ 12, ಮೈನಸ್ 12, 5 ಎಲ್ಲವೂ ಸಿಗುತ್ತವೆ, ನಿಜ. ಆದರೆ ಮಕ್ಕಳು ಅದನ್ನು ಬಿಚ್ಚಲು ಬಿಡಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ತಾವೇ ಕಟ್ಟುವುದಾದರೂ ಟ್ರಾನ್ಸ್‌ಫಾರ್ಮರಿನ 230 ವೋಲ್ಟಿನ ಬದಿಯನ್ನು ಫ್ಯೂಸ್ ಸಮೇತ ತಿಳಿದವರೇ ಜೋಡಿಸಿ, ಮುಚ್ಚಿದ ಡಬ್ಬಿಯಲ್ಲಿಡಲಿ. ಉಳಿದದ್ದು ಹುಡುಗರ ಕೆಲಸ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ ಚಿಪ್ಪುಗಳನ್ನು ಸಾಕೆಟ್ಟಿಗೆ ಕೂರಿಸುವ ಮುನ್ನ ಮಲ್ಟಿಮೀಟರಿನ ಕಪ್ಪು ತಂತಿ ನಡುವಿನ ಸೊನ್ನೆಗಿಟ್ಟು, ಕೆಂಪು ತಂತಿಯಿಂದ ಮೂರೂ ಕಡೆ ಮುಟ್ಟಿ ನೋಡಲಿ: 12, ಮೈನಸ್ 12, 5. ಮೂರೂ ಸರಿಯಿದ್ದರೆ ಚಿಪ್ಪು ಹಾಕಬಹುದು. ಪಲ್ಪರ್ ಓಡುವ ಸಂಜೆ ಇನ್ನೊಮ್ಮೆ ನೋಡಲಿ.