‘ಪೀಂ’ ಅಂದಿತು ಯಂತ್ರ. ಲೆಕ್ಕ ಎಲ್ಲಿಗೆ ಹೋಯ್ತು ಸಾಹುಕಾರ್ರೆ?

ದಾವಣಗೆರೆಯ ಮಂಡಿಪೇಟೆಗೆ ಹೋಗಿ, ಚೌಕಿಪೇಟೆಗೆ ಹೋಗಿ. ಸೋಪು, ಬಿಸ್ಕತ್ತು, ಟೂತ್‌ಪೇಸ್ಟು, ಮಾತ್ರೆಯ ಡಬ್ಬಿ, ಯಾವುದನ್ನೇ ಎತ್ತಿ ಬೆನ್ನು ತಿರುಗಿಸಿದರೂ ಅಲ್ಲೊಂದು ಕಪ್ಪು ಗೆರೆಗಳ ಸಾಲು. ಇದು ದೊಡ್ಡ ಊರಿನ ದೊಡ್ಡ ಅಂಗಡಿಯವರ ಷೋಕಿ ಎಂದು ನಕ್ಕವರೇ ಈಗ ಗಲ್ಲಾಪೆಟ್ಟಿಗೆಯ ಪಕ್ಕ ಪಿಸ್ತೂಲಿನಂಥ ಯಂತ್ರವೊಂದನ್ನು ಇಟ್ಟುಕೊಂಡು ಕೂತಿದ್ದಾರೆ. ಗೋದಾಮು ಇರುವ ಸಗಟು ವರ್ತಕರಿಗೆ ಅದೂ ಸಾಲದು. ಬಿದ್ದರೆ ಒಡೆಯದ, ಧೂಳು ಕುಡಿದರೂ ಕೆಮ್ಮದ ಕಾರ್ಖಾನೆ ಮಟ್ಟದ ಯಂತ್ರವೇ ಬೇಕು.

ಬರಲಿ, ಸಂತೋಷ. ಆದರೆ ಯಂತ್ರ ತಂದು ಮೇಜಿನ ಮೇಲೆ ಇಟ್ಟ ಮಾತ್ರಕ್ಕೆ ಲೆಕ್ಕ ತಾನಾಗಿ ಸರಿಹೋಗುತ್ತದೆಯೇ? ಕಂಪ್ಯೂಟರಿಗೆ ನೆಟ್ಟಗೆ ಜೋಡಿಸದಿದ್ದರೆ ಮೊದಲ ಪೆಟ್ಟು ಗಿರಾಕಿಯ ಜೇಬಿಗೆ, ಎರಡನೆಯ ಪೆಟ್ಟು ಅಂಗಡಿಯ ದಾಸ್ತಾನಿಗೆ. ಕಡೆಯ ಪೆಟ್ಟು ಏನೂ ತಪ್ಪು ಮಾಡದ ಬಡ ಗುಮಾಸ್ತನ ತಲೆಗೆ!

‘ಮಷೀನು ಪೀಂ ಅಂತೈತ್ರಿ, ಸ್ಕ್ರೀನ್‌ನಾಗೆ ಏನೂ ಬರವಲ್ದು’ ಎಂದು ಗುಮಾಸ್ತ ಗೊಣಗುವುದು. ‘ಅಷ್ಟು ರೊಕ್ಕ ಕೊಟ್ಟು ತಂದೀನಿ, ಬರದೆ ಏನ್ಮಾಡ್ತೈತಿ? ನಿನಗೇ ಹಿಡಿಯಾಕ್ ಬರಂಗಿಲ್ಲ’ ಎಂದು ಸಾಹುಕಾರರು ಗದರುವುದು. ಹೊಸ ಯಂತ್ರ ಬಂದ ಕಡೆಯಲ್ಲೆಲ್ಲ ಇದೇ ಪಾಡು. ನಿಜ ಹೇಳಬೇಕೆಂದರೆ ಇಬ್ಬರದೂ ತಪ್ಪಲ್ಲ. ಯಂತ್ರ ಓದಿದೆ, ಓದಿದ್ದನ್ನು ಹೇಳಬೇಕಾದ ಕಡೆ ಹೇಳಿಲ್ಲ, ಅಷ್ಟೆ.

ಗೆರೆಯಲ್ಲಿ ಬೆಲೆ ಇಲ್ಲ!

ಗಿರಾಕಿಗಳು ಮೊಟ್ಟಮೊದಲು ತಿಳಿಯಬೇಕಾದ ಗುಟ್ಟು ಇದು. ಪೊಟ್ಟಣದ ಮೇಲಿನ ಗೆರೆಗಳಲ್ಲಿ ಬೆಲೆ ಬರೆದಿರುವುದಿಲ್ಲ, ತೂಕ ಬರೆದಿರುವುದಿಲ್ಲ, ಕೆಡುವ ತಾರೀಖೂ ಇರುವುದಿಲ್ಲ. ಇರುವುದು 13 ಅಂಕಿಗಳ ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಸಾಮಾನಿಗೆ ಎಷ್ಟು ಬೆಲೆ ಎಂಬುದು ಅಂಗಡಿಯ ಕಂಪ್ಯೂಟರಿನಲ್ಲಿ ಇರುತ್ತದೆ. ಅದನ್ನು ತುಂಬಿದವರು ಅಂಗಡಿಯವರೇ. ಹೀಗಾಗಿ ‘ಮಷೀನೇ ತೋರಿಸ್ತೈತ್ರಿ, ನಾವೇನ್ ಮಾಡೋಣ’ ಎಂಬ ಮಾತಿಗೆ ಬೆಲೆ ಇಲ್ಲ. ಮಷೀನು ತೋರಿಸುವುದು ಮನುಷ್ಯ ಬರೆದದ್ದನ್ನೇ.

ಸಂಖ್ಯೆಯ ಮೊದಲಿಗೆ 890 ಎಂದಿದ್ದರೆ ಆ ಕಂಪನಿ ತನ್ನ ಸಂಖ್ಯೆಯನ್ನು ಭಾರತದ ಸಂಸ್ಥೆಯಿಂದ ಪಡೆದಿದೆ ಎಂದರ್ಥ. ಮಾಲು ಭಾರತದಲ್ಲೇ ತಯಾರಾಯಿತು ಎಂದು ಅದರಿಂದ ಹೇಳಲು ಬರುವುದಿಲ್ಲ. ಎಷ್ಟೋ ಜನ ಇದನ್ನೇ ದೇಶದ ಮುದ್ರೆ ಎಂದು ನಂಬಿ ವಾದ ಮಾಡುವುದುಂಟು.

ಇನ್ನು ಕಡೆಯ ಅಂಕಿ. ಅದು ಕಾವಲುಗಾರ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದರೆ ಕೈಲಿರುವ ಪೊಟ್ಟಣದ ಮೇಲೆ ಲೆಕ್ಕ ಹಾಕಿ ನೋಡಬಹುದು. ಎಡಗಡೆಯಿಂದ ಮೊದಲ 12 ಅಂಕಿ ತೆಗೆದುಕೊಳ್ಳಿ. 1, 3, 5, 7, 9, 11ನೇ ಸ್ಥಾನದ ಅಂಕಿಗಳನ್ನು ಕೂಡಿ. ಉಳಿದ ಆರು ಅಂಕಿಗಳನ್ನು ಬೇರೆ ಕೂಡಿ ಮೂರರಿಂದ ಗುಣಿಸಿ. ಎರಡನ್ನೂ ಸೇರಿಸಿ. ಬಂದ ಮೊತ್ತವನ್ನು ಮುಂದಿನ ಹತ್ತಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ 13ನೇ ಅಂಕಿ. ಉದಾಹರಣೆಗೆ 890123456789 ಎಂದಿಟ್ಟುಕೊಳ್ಳಿ. ಮೊದಲ ಗುಂಪು 28. ಎರಡನೆಯದು 34, ಮೂರರಿಂದ ಗುಣಿಸಿದರೆ 102. ಒಟ್ಟು 130. ಆಗಲೇ ಹತ್ತಕ್ಕೆ ಮುಟ್ಟಿದೆ, ಆದ್ದರಿಂದ ಕಡೆಯ ಅಂಕಿ ಸೊನ್ನೆ. ಯಂತ್ರವೂ ಪ್ರತಿಸಲ ಇದೇ ಲೆಕ್ಕ ಹಾಕುತ್ತದೆ. ಮೊತ್ತ ತಾಳೆಯಾಗದಿದ್ದರೆ ‘ಪೀಂ’ ಎನ್ನುವುದೇ ಇಲ್ಲ.

ಮರಳಿನ ಮೇಲೆ ಎಳೆದ ಗೆರೆ

ಈ ಗೆರೆಯ ಹುಟ್ಟು ಅಮೆರಿಕದ್ದು. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬಾತ ಮಯಾಮಿ ಕಡಲ ದಂಡೆಯಲ್ಲಿ ಕೂತು ಮರಳಿನ ಮೇಲೆ ಬೆರಳಾಡಿಸುತ್ತಿದ್ದಾಗ ತಂತಿ ಕಚೇರಿಯ ಚುಕ್ಕೆ-ಗೆರೆಗಳನ್ನು ಕೆಳಗೆ ಎಳೆದರೆ ಹೇಗೆಂದು ಹೊಳೆಯಿತಂತೆ. ಆತನಿಗೂ ಗೆಳೆಯ ಬರ್ನಾರ್ಡ್ ಸಿಲ್ವರ್‌ಗೂ 1952ರಲ್ಲಿ ಪೇಟೆಂಟ್ ಸಿಕ್ಕಿತು. ಓದುವ ಯಂತ್ರ ಅಗ್ಗವಾಗಿ ಸಿಗುವ ಕಾಲ ಬರಲು ಇಪ್ಪತ್ತು ವರ್ಷ ಹಿಡಿಯಿತು. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಊರಿನ ಅಂಗಡಿಯೊಂದರಲ್ಲಿ ಈಗಿನ ಮಾದರಿಯ ಗೆರೆಯನ್ನು ಮೊದಲ ಸಲ ಗಲ್ಲಾದಲ್ಲಿ ಓದಿಸಿದರು. ಓದಿಸಿದ್ದು ಏನನ್ನು? ಚ್ಯೂಯಿಂಗ್ ಗಮ್ಮಿನ ಒಂದು ಪೊಟ್ಟಣ!

ಯಾವ ಯಂತ್ರ? ಯಾವ ಕೆಲಸಕ್ಕೆ?

ಅಂಗಡಿಯವರು ಮೋಸ ಹೋಗುವುದು ಇಲ್ಲೇ. ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕೆಂಪು ಲೇಸರ್ ಕಿರಣ ಬಿಟ್ಟು ಗೆರೆಯನ್ನು ಓದುವಂಥದ್ದು. ಇನ್ನೊಂದು ಕ್ಯಾಮೆರಾದಂತೆ ಚಿತ್ರ ಹಿಡಿದು ಓದುವಂಥದ್ದು. ಲೇಸರ್ ಯಂತ್ರ ಉದ್ದ ಗೆರೆಗಳನ್ನಷ್ಟೇ ಓದುತ್ತದೆ. 1994ರಲ್ಲಿ ಜಪಾನಿನಲ್ಲಿ ಹುಟ್ಟಿದ ಕ್ಯೂಆರ್ ಎಂಬ ಚೌಕದ ಗುರುತು ಅದಕ್ಕೆ ಅರ್ಥವಾಗುವುದಿಲ್ಲ. ಔಷಧಿ ಅಂಗಡಿಯವರು ಲೇಸರ್ ಯಂತ್ರ ತಂದು ‘ಚೌಕ ಓದವಲ್ದು’ ಎಂದು ಅದನ್ನು ದೂರಿದರೆ ಪ್ರಯೋಜನವಿಲ್ಲ. ಲೇಸರ್ ಕಿರಣವನ್ನು ಯಾರ ಕಣ್ಣಿಗೂ ಹಿಡಿಯಬಾರದು, ಮಕ್ಕಳ ಕೈಗೆ ಆಟಕ್ಕೆ ಕೊಡಬಾರದು.

ಗೋದಾಮಿಗೆ ಕೊಳ್ಳುವವರು ಐಪಿ ಎಂಬ ಅಕ್ಷರದ ಮುಂದಿನ ಎರಡು ಅಂಕಿ ಕೇಳಿ ನೋಡಬೇಕು. ಮೊದಲಿನದು ಧೂಳಿಗೆ, ಎರಡನೆಯದು ನೀರಿಗೆ. ಐಪಿ 65 ಎಂದರೆ ಧೂಳು ಒಳಗೆ ನುಗ್ಗುವುದಿಲ್ಲ, ಪಿಚಕಾರಿಯಂತೆ ನೀರು ಹೊಡೆದರೂ ಕೆಡುವುದಿಲ್ಲ. ಹಿಟ್ಟು, ಸಿಮೆಂಟು, ಮೆಣಸಿನಪುಡಿಯ ಧೂಳೇಳುವ ಕಡೆ ಇದು ಬೇಕು. ಫ್ಯಾನಿನ ಕೆಳಗೆ ಕೂತು ಪುಸ್ತಕ ಮಾರುವವರಿಗೆ ಇದಕ್ಕೆಂದು ಹೆಚ್ಚಿನ ದುಡ್ಡು ಸುರಿಯುವುದು ದಂಡ.

ಜೋಡಿಸುವ ದಾರಿ ಮೂರು

ಮೊದಲನೆಯದು ಸುಲಭದ ದಾರಿ. ಯುಎಸ್‌ಬಿ ತಂತಿಯನ್ನು ಕಂಪ್ಯೂಟರಿಗೆ ಚುಚ್ಚಿದರೆ ಆಯಿತು. ಕಂಪ್ಯೂಟರು ಈ ಯಂತ್ರವನ್ನು ಇನ್ನೊಂದು ಕೀಬೋರ್ಡು ಎಂದೇ ತಿಳಿಯುತ್ತದೆ. ಯಾರೋ ಬಹಳ ಬೇಗ 13 ಅಂಕಿ ಒತ್ತಿದಂತೆ ಸಂಖ್ಯೆ ಬಂದು ಬೀಳುತ್ತದೆ. ಚಿಲ್ಲರೆ ಅಂಗಡಿಗೆ ಇಷ್ಟು ಸಾಕು. ತಂತಿ 5 ಮೀಟರಿಗಿಂತ ಉದ್ದವಾದರೆ ಮಾತ್ರ ನೆಚ್ಚುವಂತಿಲ್ಲ.

ಎರಡನೆಯದು ಹಳೇ ಸೀರಿಯಲ್ ದಾರಿ, ಆರ್‌ಎಸ್ 232. ಕಾರ್ಖಾನೆಗಳಲ್ಲಿ ಇದು ಇನ್ನೂ ಬದುಕಿದೆ. ಸಾಮಾನ್ಯವಾಗಿ 15 ಮೀಟರಿನ ತನಕ ತಂತಿ ಎಳೆಯಬಹುದು. ಇಲ್ಲಿ ಯಂತ್ರಕ್ಕೆ ಬೇರೆ ಅಡಾಪ್ಟರಿನಿಂದ ಕರೆಂಟು ಕೊಡಬೇಕಾಗುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಒಂಬತ್ತು ಕಡ್ಡಿಯ ಆ ಕಿಂಡಿ ಅಪರೂಪವಾದ್ದರಿಂದ ನಡುವೆ ಒಂದು ಯುಎಸ್‌ಬಿ ಪರಿವರ್ತಕವೂ ಬೇಕು. ಮುಖ್ಯ ಸಂಗತಿ ಏನೆಂದರೆ ಯಂತ್ರ ಮತ್ತು ಕಂಪ್ಯೂಟರು ಇಬ್ಬರೂ ಒಂದೇ ವೇಗದಲ್ಲಿ ಮಾತಾಡಬೇಕು. ಹೆಚ್ಚಾಗಿ ಕಾಣುವ ಹೊಂದಾಣಿಕೆ 9600 ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಒಂದು ಕಡೆ ಒಂದು, ಇನ್ನೊಂದು ಕಡೆ ಬೇರೊಂದು ಇಟ್ಟರೆ ಪರದೆಯ ಮೇಲೆ ಭೂತದ ಭಾಷೆ ಬರುತ್ತದೆ. ಕಂಪ್ಯೂಟರಿನ ಡಿವೈಸ್ ಮ್ಯಾನೇಜರ್ ತೆರೆದು ಕಾಮ್ ಪೋರ್ಟಿನ ನಂಬರು ನೋಡಿಕೊಂಡು ಅದೇ ನಂಬರನ್ನು ಬಿಲ್ಲಿನ ಪ್ರೋಗ್ರಾಮಿಗೂ ಹೇಳಬೇಕು.

ಮೂರನೆಯದು ಜಾಲದ ತಂತಿ, ಅಂದರೆ ಈಥರ್‌ನೆಟ್. ಮಾಲು ಸಾಗುವ ಬೆಲ್ಟಿನ ಪಕ್ಕ ಗಟ್ಟಿಯಾಗಿ ಕೂರಿಸುವ ಯಂತ್ರಗಳಿಗೆ ಇದು ವಾಸಿ. 100 ಮೀಟರಿನ ತನಕ ಎಳೆಯಬಹುದು.

ಇನ್ನು ಯಂತ್ರಕ್ಕೆ ಬುದ್ಧಿ ಹೇಳುವ ಬಗೆ. ಗುಂಡಿ ಒತ್ತುವುದಲ್ಲ, ಸ್ಕ್ರೂ ತಿರುಗಿಸುವುದಲ್ಲ. ಜೊತೆಗೆ ಬಂದ ಪುಸ್ತಕದಲ್ಲಿ ಪುಟಗಟ್ಟಲೆ ಗೆರೆ ಗುರುತುಗಳಿರುತ್ತವೆ. ಯಾವುದು ಬೇಕೋ ಅದನ್ನು ಓದಿಸಿದರೆ ಯಂತ್ರ ಅದರಂತೆ ನಡೆಯುತ್ತದೆ. ಡಬ್ಬದ ಜೊತೆ ಈ ಪುಸ್ತಕವನ್ನು ರದ್ದಿಗೆ ಹಾಕಿದವರು ಆಮೇಲೆ ಪರದಾಡುತ್ತಾರೆ. ಏನೇ ಎಡವಟ್ಟಾದರೂ ‘ಕಾರ್ಖಾನೆಯಿಂದ ಬಂದಂತೆ ಮಾಡು’ ಎಂಬ ಗುರುತು ಅದೇ ಪುಸ್ತಕದಲ್ಲಿರುತ್ತದೆ. ಅದನ್ನು ಓದಿಸಿ ಮೊದಲಿನಿಂದ ಶುರು ಮಾಡಬಹುದು. ಪ್ರತಿ ಸಂಖ್ಯೆಯ ಕಡೆಗೆ ಎಂಟರ್ ಒತ್ತಿದಂತೆ ಮಾಡುವ ಗುರುತನ್ನು ತಪ್ಪದೆ ಓದಿಸಿಕೊಳ್ಳಬೇಕು. ಇಲ್ಲದಿದ್ದರೆ ಹತ್ತು ಸಾಮಾನಿನ ಸಂಖ್ಯೆ ಒಂದೇ ಸಾಲಿಗೆ ಅಂಟಿಕೊಂಡು ಕೂರುತ್ತದೆ.

ಎಡವುವ ಜಾಗಗಳು

ಒಂದು: ‘ಪೀಂ’ ಎಂದರೆ ಓದಿತು ಎಂದಷ್ಟೇ ಅರ್ಥ, ಕಂಪ್ಯೂಟರಿಗೆ ಮುಟ್ಟಿತು ಎಂದಲ್ಲ. ಕರ್ಸರ್ ಎಲ್ಲಿ ಮಿಣುಕುತ್ತಿದೆಯೋ ಸಂಖ್ಯೆ ಅಲ್ಲೇ ಬೀಳುತ್ತದೆ. ಅದು ‘ಎಷ್ಟು ನಗ’ ಎಂಬ ಮನೆಯಲ್ಲಿದ್ದರೆ ಒಂದು ಸೋಪಿನ ಬದಲು ಲಕ್ಷ ಕೋಟಿಗಟ್ಟಲೆ ಸೋಪಿನ ಬಿಲ್ಲು! ಯಂತ್ರ ತಂದ ದಿನವೇ ನೋಟ್‌ಪ್ಯಾಡ್ ತೆರೆದು ಹತ್ತು ಸಾಮಾನು ಓದಿಸಬೇಕು. ಪೊಟ್ಟಣದ ಮೇಲಿನ ಅಂಕಿಗೂ ಪರದೆಯ ಅಂಕಿಗೂ ತಾಳೆ ನೋಡಬೇಕು. ಆಮೇಲೆ ಬಿಲ್ಲಿನ ಪ್ರೋಗ್ರಾಮಿಗೆ ಕೈ ಹಾಕಬೇಕು.

ಎರಡು: ಕನ್ನಡದಲ್ಲಿ ಪತ್ರ ಟೈಪು ಮಾಡಿ ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸದೆ ಓದಿಸಿದರೆ, ಅಕ್ಷರ ಬೆರೆತ ಗುರುತುಗಳು ಅರ್ಥವಿಲ್ಲದ ಕನ್ನಡವಾಗಿ ಬೀಳುತ್ತವೆ. ಯಂತ್ರ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮೊದಲು ಇದನ್ನು ನೋಡಿ.

ಮೂರು: ಎಕ್ಸೆಲ್ಲಿನಲ್ಲಿ ದಾಸ್ತಾನು ಬರೆಯುವವರು ಆ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಎಂದು ಮಾಡಿಕೊಳ್ಳಬೇಕು. ಇಲ್ಲವಾದರೆ 13 ಅಂಕಿಯ ಸಂಖ್ಯೆ ಮೊಟಕಾಗಿ ಗಣಿತದ ಸೂತ್ರದಂತೆ ಕಾಣುತ್ತದೆ. ಮುಂದೆ ಸೊನ್ನೆ ಇದ್ದರೆ ಆ ಸೊನ್ನೆಯೇ ಮಾಯ.

ನಾಲ್ಕು: ರಟ್ಟಿನ ಪೆಟ್ಟಿಗೆಯ ಮೇಲಿನ ಗುರುತೇ ಬೇರೆ, ಒಳಗಿನ ಪೊಟ್ಟಣದ ಗುರುತೇ ಬೇರೆ. ಪೆಟ್ಟಿಗೆಯದು ಹೆಚ್ಚಾಗಿ 14 ಅಂಕಿ. ‘ಒಂದು ಪೆಟ್ಟಿಗೆ ಎಂದರೆ 24 ಪೊಟ್ಟಣ’ ಎಂದು ಕಂಪ್ಯೂಟರಿಗೆ ಹೇಳದಿದ್ದರೆ 24 ಬಂದ ಕಡೆ 1 ಎಂದು ಬರೆದುಕೊಳ್ಳುತ್ತದೆ. ತಿಂಗಳ ಕೊನೆಗೆ ದಾಸ್ತಾನು ತಾಳೆಯಾಗದೆ ಸಾಹುಕಾರರು ಹಮಾಲರನ್ನು ಅನುಮಾನಿಸುವಂತಾಗುತ್ತದೆ. ಒಬ್ಬ ದುಡಿಯುವವನ ಮಾನ ಇಂಥ ಸಣ್ಣ ಜೋಡಣೆಯ ಮೇಲೆ ನಿಂತಿದೆ ಎಂಬುದನ್ನು ಮರೆಯಬಾರದು. ಈ ಪೆಟ್ಟಿಗೆ ಗುರುತು ಅರ್ಧ ಓದಿದರೂ ಓದಿದಂತೆ ನಟಿಸುವುದುಂಟು. ಆದ್ದರಿಂದ 14 ಅಂಕಿ ಇದ್ದರೆ ಮಾತ್ರ ಒಪ್ಪು ಎಂದು ಯಂತ್ರಕ್ಕೆ ಕಟ್ಟುನಿಟ್ಟು ಮಾಡಿಡಬೇಕು.

ಐದು: ಬೆಲ್ಲ, ಬೇಳೆ, ಅವಲಕ್ಕಿಯನ್ನು ತಾವೇ ತೂಗಿ ಪೊಟ್ಟಣ ಕಟ್ಟುವವರು ಅಂಗಡಿಯೊಳಗಿನ ಉಪಯೋಗಕ್ಕೆ 2ರಿಂದ ಶುರುವಾಗುವ ಸಂಖ್ಯೆ ಹಾಕಿಕೊಳ್ಳಬಹುದು. ಅದಕ್ಕೆಂದೇ ಆ ಸಂಖ್ಯೆಗಳನ್ನು ಬಿಟ್ಟಿದ್ದಾರೆ. ತೂಕದ ಯಂತ್ರ ಛಾಪಿಸುವ ಇಂಥ ಚೀಟಿಯಲ್ಲಿ ಮಾತ್ರ ತೂಕವೋ ಬೆಲೆಯೋ ಅಂಕಿಗಳ ಒಳಗೇ ಸೇರಿರುವುದುಂಟು. ಬೇರೆಯವರ 890 ಸಂಖ್ಯೆ ಕದ್ದು ಹಾಕಿದರೆ ಇನ್ನೊಂದು ಅಂಗಡಿಯಲ್ಲಿ ನಿಮ್ಮ ಬೆಲ್ಲ ಅವರ ಶಾಂಪೂ ಆದೀತು!

ಚೀಟಿ ಛಾಪಿಸುವಾಗ ಗೆರೆಯ ಎರಡೂ ಬದಿ ಖಾಲಿ ಜಾಗ ಬಿಡಬೇಕು. ಕೆಂಪು ಬಣ್ಣದ ಗೆರೆ ಬೇಡ. ಕೆಂಪು ಬೆಳಕಿಗೆ ಕೆಂಪು ಗೆರೆ ಬಿಳಿಯಂತೆಯೇ ಕಾಣುತ್ತದೆ. ಹೊಳೆಯುವ ಹಾಳೆಯಾದರೆ ಯಂತ್ರವನ್ನು ನೆಟ್ಟಗೆ ಹಿಡಿಯದೆ ಸ್ವಲ್ಪ ಓರೆ ಹಿಡಿದರೆ ಬೇಗ ಓದುತ್ತದೆ.

ಮಾತ್ರೆ ಡಬ್ಬಿಯ ಮಾತು

ಔಷಧಿಯ ವಿಷಯ ಬೇರೆ, ಇಲ್ಲಿ ಜೀವದ ಪ್ರಶ್ನೆ. ಹೆಚ್ಚು ಮಾರಾಟವಾಗುವ 300 ಬ್ರಾಂಡಿನ ಔಷಧಿಗಳ ಮೇಲೆ ಗೆರೆ ಗುರುತು ಅಥವಾ ಕ್ಯೂಆರ್ ಇರಲೇಬೇಕೆಂದು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ನಿಯಮ ಮಾಡಿತು. 2023ರ ಆಗಸ್ಟ್ 1ರಿಂದ ಅದು ಜಾರಿಗೆ ಬಂತು. ಔಷಧಿಯ ಹೆಸರು, ತಯಾರಿಸಿದವರ ಹೆಸರು ವಿಳಾಸ, ಬ್ಯಾಚ್ ನಂಬರು, ತಯಾರಾದ ದಿನ, ಅವಧಿ ಮುಗಿಯುವ ದಿನ, ಲೈಸೆನ್ಸ್ ನಂಬರು ಇವೆಲ್ಲ ಆ ಗುರುತಿನಲ್ಲಿರಬೇಕು. ಅಂದರೆ ಸೋಪಿನ ಗೆರೆ ಹೇಳದ್ದನ್ನು ಈ ಗುರುತು ಹೇಳುತ್ತದೆ. ಚಿತ್ರ ಹಿಡಿಯುವ ಯಂತ್ರವಿದ್ದು, ಅವಧಿಯ ತಾರೀಖು ತೆಗೆದುಕೊಳ್ಳುವಂತೆ ಕಂಪ್ಯೂಟರನ್ನು ಹೊಂದಿಸಿದ್ದರೆ, ಅವಧಿ ಮೀರಿದ ಇಂಥ ಮಾತ್ರೆ ಗಲ್ಲಾ ದಾಟುವ ಮೊದಲೇ ಸಿಕ್ಕಿಬೀಳುತ್ತದೆ. ಹಾಗೆ ಹೊಂದಿಸದೆ ಬರೀ ‘ಪೀಂ’ ಎನಿಸಿದರೆ ಏನು ಬಂತು?

ಗಿರಾಕಿಗಳೇ, ಬಿಲ್ಲು ನೋಡಿ

ಕಂಪನಿಯವರು ಬೆಲೆ ಇಳಿಸಿ ಹೊಸ ಪೊಟ್ಟಣ ಕಳಿಸುತ್ತಾರೆ, ಸಂಖ್ಯೆ ಹಳೆಯದೇ ಇರುತ್ತದೆ. ಅಂಗಡಿಯವರು ಕಂಪ್ಯೂಟರಿನಲ್ಲಿ ಬೆಲೆ ತಿದ್ದಲು ಮರೆತರೆ ಬಿಲ್ಲಿನಲ್ಲಿ ಹಳೇ ಬೆಲೆಯೇ ಬರುತ್ತದೆ. ಬಸ್ಸು ಹೊರಟೀತೆಂಬ ಗಡಿಬಿಡಿಯಲ್ಲಿ ಪ್ರಯಾಣಿಕರು ಬಿಲ್ಲನ್ನು ಮಡಚಿ ಜೇಬಿಗಿಟ್ಟು ಓಡುತ್ತಾರೆ. ಎರಡು ರೂಪಾಯಿ, ಮೂರು ರೂಪಾಯಿ ಹೀಗೆ ಹೋದದ್ದಕ್ಕೆ ಲೆಕ್ಕವಿಲ್ಲ. ಪೊಟ್ಟಣದ ಮೇಲೆ ಛಾಪಿಸಿದ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು 2011ರ ಪೊಟ್ಟಣ ಸಾಮಾನುಗಳ ನಿಯಮ ಹೇಳುತ್ತದೆ. ಕೇಳಿದರೂ ಸರಿಪಡಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು.

ಹಾಗೆಂದು ವರ್ತಕರೆಲ್ಲ ಮೋಸಗಾರರು ಎನ್ನುವುದು ಅನ್ಯಾಯ. ಬಹುಪಾಲು ಕಡೆ ಇರುವುದು ಮರೆವು ಮತ್ತು ಅವಸರ. ಹೊಸ ಮಾಲು ಇಳಿದ ದಿನವೇ ಪೆಟ್ಟಿಗೆಗೊಂದರಂತೆ ಓದಿಸಿ, ಪೊಟ್ಟಣದ ಬೆಲೆಗೂ ಪರದೆಯ ಬೆಲೆಗೂ ತಾಳೆ ನೋಡಿ, ವ್ಯತ್ಯಾಸ ಇದ್ದರೆ ಆಗಲೇ ತಿದ್ದುವ ಪದ್ಧತಿ ಇಟ್ಟುಕೊಂಡರೆ ಜಗಳವೇ ಹುಟ್ಟುವುದಿಲ್ಲ. ಈ ಕೆಲಸವನ್ನು ಯಾರು ಮಾಡಬೇಕೆಂದು ಒಬ್ಬರ ಹೆಸರು ಹೇಳಿ ಒಪ್ಪಿಸಬೇಕು. ಎಲ್ಲರ ಕೆಲಸ ಎಂದರೆ ಅದು ಯಾರ ಕೆಲಸವೂ ಅಲ್ಲ.

ತಕ್ಕಡಿ ಸರಿ ಇದೆಯೇ ಎಂದು ಮುದ್ರೆ ಹಾಕಿಸುವ ವರ್ತಕರು ಈ ಹೊಸ ತಕ್ಕಡಿಯನ್ನೂ ಆಗಾಗ ಪರೀಕ್ಷಿಸಬೇಕಲ್ಲವೇ? ಪೇಟೆಯ ವರ್ತಕ ಬಂಧುಗಳು ಇತ್ತ ಗಮನ ಹರಿಸುವರೇ?