ತಂಪು ಮಾಡುವ ಯಂತ್ರಕ್ಕೂ ತಂಪು ಬೇಕು

ಹಾಲಿನ ಸೊಸೈಟಿಯ ಕೂಲರ್ ಆಗಲಿ, ಮೀನು ವ್ಯಾಪಾರಿಯ ಕೋಲ್ಡ್ ರೂಮ್ ಆಗಲಿ, ನಿಂತುಹೋದಾಗ ಮೊದಲು ಕೇಳಿಬರುವ ಮಾತು 'ಕಂಪ್ರೆಸರ್ ಹೋಯಿತು' ಎಂಬುದು. ಹೊಸದಕ್ಕೆ ತೆರಬೇಕಾದ ಹಣ ಸಣ್ಣದಲ್ಲ. ಅಂದಿನ ಹಾಲೋ ಮೀನೋ ಹಾಳಾದದ್ದು ಬೇರೆ. ಕಂಪ್ರೆಸರ್ ಏಕೆ ಹೋಯಿತೆಂದು ವಿಚಾರಿಸುವವರು ಮಾತ್ರ ಕಡಿಮೆ. ಅದಕ್ಕೆ ಸಿಗಬೇಕಾದ ತಂಪು ಸಿಗದೆ ಹೋದದ್ದೇ ಅನೇಕ ಸಲ ಕಾರಣವಾಗಿರುತ್ತದೆ.

ಇಂತಹ ಯಂತ್ರಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಸ್ಕ್ರಾಲ್ ಕಂಪ್ರೆಸರ್. ಇದರಲ್ಲಿ ಪಿಸ್ಟನ್ ಇಲ್ಲ. ಜೋಡಿ ಸೊಳ್ಳೆಬತ್ತಿಯಂತೆ ಎರಡು ಲೋಹದ ಸುರುಳಿಗಳು ಒಂದರೊಳಗೊಂದು ಕುಳಿತಿರುತ್ತವೆ. ಒಂದು ಅಲುಗದು. ಇನ್ನೊಂದು, ಹಿಟ್ಟು ಜರಡಿ ಹಿಡಿಯುವಾಗ ಜರಡಿ ಸುತ್ತಾಡುವಂತೆ, ತಾನು ತಿರುಗದೆ ಸುತ್ತಾಡುತ್ತದೆ. ಹೊರ ಅಂಚಿನಲ್ಲಿ ಒಳಹೊಕ್ಕ ಗ್ಯಾಸು ಕಿರಿದಾಗುತ್ತ ಹೋಗುವ ಎಡೆಗಳಲ್ಲಿ ಹಿಂಡಲ್ಪಟ್ಟು ನಡುವಿನಿಂದ ಹೊರಬೀಳುತ್ತದೆ. ಫ್ರಾನ್ಸಿನ ಲಿಯೋನ್ ಕ್ರೂ ಎಂಬವರು 1905ರಲ್ಲೇ ಇದಕ್ಕೆ ಅಮೆರಿಕದ ಪೇಟೆಂಟ್ ಪಡೆದಿದ್ದರು. ಆದರೆ ಸುರುಳಿಗಳನ್ನು ಅಷ್ಟು ನಿಖರವಾಗಿ ಕೊರೆಯುವುದು ಸುಲಭವಿರಲಿಲ್ಲ. ದೊಡ್ಡ ಪ್ರಮಾಣದಲ್ಲಿ ಪೇಟೆಗೆ ಬಂದದ್ದು 1980ರ ದಶಕದಲ್ಲಿ.

ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದು ನಮಗೆಲ್ಲ ಗೊತ್ತು. ಹಿಂಡಿದ ಗ್ಯಾಸೂ ಹಾಗೆಯೇ ಕಾಯುತ್ತದೆ. ಜೊತೆಗೆ ಅದೇ ಮುಚ್ಚಿದ ಡಬ್ಬಿಯೊಳಗೆ ಮೋಟಾರಿನ ಕಾವು. ಇದನ್ನು ತಣಿಸುವುದು ಯಾವುದು? ಸಾಮಾನ್ಯ ರಚನೆಯಲ್ಲಿ, ಕೋಲ್ಡ್ ರೂಮಿನಿಂದ ತಂಪಾಗಿ ಮರಳಿ ಬರುವ ಗ್ಯಾಸೇ ಮೋಟಾರನ್ನು ಸವರಿಕೊಂಡು ಸುರುಳಿಯೊಳಗೆ ಹೋಗುತ್ತದೆ.

ಆದ್ದರಿಂದಲೇ ಗ್ಯಾಸು ಕಡಿಮೆಯಾದರೆ ಕೋಣೆಯ ತಂಪು ಕುಗ್ಗುವುದಷ್ಟೇ ಅಲ್ಲ, ಮೋಟಾರಿನ ತಂಪೂ ಹೋಗುತ್ತದೆ. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ವರ್ಷ ವರ್ಷವೂ ಗ್ಯಾಸು ತುಂಬಿಸಿ ಹೋಗುವ ಮೆಕ್ಯಾನಿಕ್ಕಿಗೆ ಕೊಟ್ಟ ಹಣ ದಂಡ. ಮರಳುವ ಪೈಪಿನ ಮೇಲಿನ ಕಪ್ಪು ಫೋಮ್ ಹರಿದಿದ್ದರೆ ಗ್ಯಾಸು ದಾರಿಯಲ್ಲೇ ಬಿಸಿಯಾಗುತ್ತದೆ. ಅದನ್ನು ಸರಿಪಡಿಸುವ ಖರ್ಚು ಎಷ್ಟು ಮಹಾ? ಹಾಗೆಂದು ಗ್ಯಾಸು ಆವಿಯಾಗದೆ ದ್ರವವಾಗಿಯೇ ನುಗ್ಗಿಬಂದರೂ ಕೇಡು: ಒಳಗಿನ ಎಣ್ಣೆ ತೆಳುವಾಗಿ ಬೇರಿಂಗ್ ಸವೆಯುತ್ತದೆ.

ಹಾಲಿನ ಕೂಲರಿಗಿಂತ ಮೀನಿನ ಫ್ರೀಜರಿನ ಪಾಡು ಕಷ್ಟದ್ದು. 4 ಡಿಗ್ರಿಗೆ ಹಾಲು ಇಳಿಸುವಲ್ಲಿ ಒತ್ತಡ ಸುಮಾರು ನಾಲ್ಕು ಪಟ್ಟು ಏರಿದರೆ ಸಾಕು. ಮೈನಸ್ 18 ಡಿಗ್ರಿಯ ಕೋಣೆಗೆ ಸುಮಾರು ಹತ್ತು ಪಟ್ಟು ಬೇಕಾಗಬಹುದು. ಹಿಂಡಿದಷ್ಟೂ ಕಾವು. ಹೊರಹೋಗುವ ಪೈಪಿನ ಬಿಸಿ, ಕಂಪ್ರೆಸರಿನಿಂದ ಒಂದು ಗೇಣು ದೂರದಲ್ಲಿ ಅಳೆದರೆ, ಸುಮಾರು 107 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬುದು ಬಲ್ಲವರ ಲೆಕ್ಕ. ಮೀರಿದರೆ ಒಳಗಿನ ಎಣ್ಣೆ ಕೆಡತೊಡಗುತ್ತದೆ. ಅದಕ್ಕಾಗಿ ಫ್ರೀಜರಿನ ಅನೇಕ ಸ್ಕ್ರಾಲ್‌ಗಳಲ್ಲಿ ಸುರುಳಿಯ ನಡುಭಾಗಕ್ಕೆ ಚೂರು ದ್ರವರೂಪದ ಗ್ಯಾಸನ್ನು ಚಿಮ್ಮಿಸುವ ಸಣ್ಣ ಕೊಳವೆ ಇರುತ್ತದೆ. ಆ ದ್ರವ ಆವಿಯಾಗುತ್ತ ಕಾವನ್ನು ಹೀರುತ್ತದೆ. ಕೊಳವೆಯ ಜಾಲರಿಯಲ್ಲಿ ಕಸ ಕಟ್ಟಿದರೆ ಹೊರಗೆ ಗುರುತೇನೂ ಕಾಣದು.

ಹೊರಗೆ ಕಾಣುವುದು ಕಂಡೆನ್ಸರ್. ಕಡಲ ಕರೆಯ ನಮ್ಮ ಊರುಗಳಲ್ಲಿ ಉಪ್ಪುಗಾಳಿ ಅದರ ಅಲ್ಯುಮಿನಿಯಂ ಎಲೆಗಳನ್ನು ತಿನ್ನುತ್ತದೆ, ಧೂಳು ಮುಚ್ಚುತ್ತದೆ. ಒತ್ತಡ ಏರಿ ಸುರುಳಿಗೆ ಮತ್ತಷ್ಟು ಕಾವು. ಮಳೆಗಾಲಕ್ಕೆಂದು ಗೋಣಿ ಹೊದೆಸುವುದು, ಗೋಡೆಗೆ ಒತ್ತಿ ಇಡುವುದು, ಎದುರಿಗೆ ಮೀನಿನ ಪೆಟ್ಟಿಗೆ ಪೇರಿಸುವುದು ಎಲ್ಲವೂ ಯಂತ್ರದ ಕತ್ತು ಹಿಸುಕಿದಂತೆಯೇ. ಕರೆಂಟ್ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಆಗಾಗ ಉಜ್ಜುವುದು ಅಂಗಡಿಯ ಹುಡುಗನೂ ಮಾಡಬಲ್ಲ ಕೆಲಸ.

ತೀರ ಕಾದಾಗ ಯಂತ್ರ ತಾನಾಗಿ ನಿಲ್ಲುತ್ತದೆ. ಒಳಗಿನ ರಕ್ಷಕ ಸ್ವಿಚ್ಚು ಮತ್ತೆ ಕೂಡಿಕೊಳ್ಳಲು ಕೆಲವೊಮ್ಮೆ ಗಂಟೆಗೂ ಹೆಚ್ಚು ಹಿಡಿಯುತ್ತದೆ. 'ಮೋಟಾರ್ ಸುಟ್ಟಿದೆ' ಎಂದು ಅವಸರದ ತೀರ್ಪು ಕೊಡುವವರಿಗೆ ಅಷ್ಟು ಹೊತ್ತು ಕಾಯಲು ಹೇಳಿ. ತಂತಿ ಕೆಲಸ ನಡೆದ ಮರುದಿನವೇ ಮೂರು ಫೇಸಿನ ಸ್ಕ್ರಾಲ್ ಕರಕರ ಸದ್ದು ಮಾಡಿ ತಂಪು ಕೊಡದಿದ್ದರೆ ಕೂಡಲೇ ನಿಲ್ಲಿಸಿ. ಸುರುಳಿ ತಿರುಗುಮುರುಗಾಗಿ ಸುತ್ತುತ್ತಿರಬಹುದು. ಎರಡು ತಂತಿ ಅದಲುಬದಲು ಮಾಡಿದರೆ ಸರಿಹೋದೀತು.